ಬೆಲೆ ಬಿದ್ದ ವಾರದ ಅಡುಗೆ

ಜಪಾನಿನ ಮನೆಯಡುಗೆ ಶುರುವಾಗುವುದೇ ಋತುವಿನಿಂದ. ಅದಕ್ಕೆ ಬೇಕಾದ ತರಕಾರಿಯಲ್ಲಿ ಮುಕ್ಕಾಲು ಪಾಲು ಗುಂಡ್ಲುಪೇಟೆ, ಚಾಮರಾಜನಗರದ ಸಂತೆಗಳಲ್ಲೇ ಸಿಗುತ್ತದೆ.

ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಲ್ಲಿ ಮೂಲಂಗಿಗೆ ಬೆಲೆ ಬಿದ್ದ ವಾರವೇ ಬಹುಮಟ್ಟಿಗೆ ಮೂಲಂಗಿ ತಿನ್ನಲು ಅತಿ ಒಳ್ಳೆಯ ವಾರ. ಮಳೆ, ಬಿಸಿಲು, ಇಬ್ಬನಿ ಮೂರೂ ಕೂಡಿಬಂದು ಸುತ್ತಲಿನ ಹೊಲಗಳಲ್ಲೆಲ್ಲ ಬೆಳೆ ಒಟ್ಟಿಗೇ ಹದಕ್ಕೆ ಬಂದಿರುತ್ತದೆ. ಅದಕ್ಕೇ ಮೂಟೆಗಳು ರಾಶಿ ಬೀಳುತ್ತವೆ, ಅದಕ್ಕೇ ಬೆಲೆಯೂ ಇಳಿಯುತ್ತದೆ. ತಿನ್ನುವವರಿಗೆ ಹಬ್ಬವಾಗಬೇಕಾದ ಆ ವಾರ ಬೆಳೆದವರಿಗೆ ಕಿತ್ತ ಕೂಲಿಯೂ ಗಿಟ್ಟದ ವಾರ. ಟೊಮೆಟೊ ಕ್ರೇಟುಗಳನ್ನು ರಸ್ತೆ ಬದಿಗೆ ಸುರಿದು ಹೋಗುವುದನ್ನು ಈ ಸೀಮೆಯಲ್ಲಿ ನೋಡದವರಿಲ್ಲ. ಎರಡು ತಿಂಗಳು ನೀರು, ಗೊಬ್ಬರ, ನಿದ್ದೆ ಎಲ್ಲವನ್ನೂ ಹಾಕಿ ಬೆಳೆದ ಹಣ್ಣು ತನ್ನ ರುಚಿಯ ತುತ್ತತುದಿಯಲ್ಲಿರುವಾಗಲೇ ಮಣ್ಣುಪಾಲಾಗುತ್ತದೆ.

ಗುಂಡ್ಲುಪೇಟೆ ತಾಲ್ಲೂಕು ಬೇರೆಯವರ ಅಡುಗೆಮನೆಗೆಂದೇ ಬೆಳೆಯುವ ತಾಲ್ಲೂಕು. ಬೀನ್ಸ್, ಎಲೆಕೋಸು, ಬೀಟ್‌ರೂಟ್, ಟೊಮೆಟೊ, ಸಾಂಬಾರಿಗೆ ಹಾಕುವ ಸಣ್ಣ ಈರುಳ್ಳಿ ಎಲ್ಲವೂ ಲಾರಿ ಹತ್ತಿ ವಯನಾಡಿನ ಕಡೆಗೋ ನೀಲಗಿರಿಯ ಕಡೆಗೋ ಹೋಗುತ್ತವೆ. ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುವುದರಿಂದ ಲೋಡು ಹೊತ್ತಿಗೆ ಮುಂಚೆ ಕಾಡು ದಾಟಬೇಕು. ಆ ಧಾವಂತದಲ್ಲೇ ಇಲ್ಲಿನ ಸಂಜೆಗಳು ಕಳೆಯುತ್ತವೆ. ಓಣಂ ಬಂತೆಂದರೆ ತರಕಾರಿಯ ಜೊತೆ ಚೆಂಡುಹೂವಿಗೂ ಬೇಡಿಕೆ. ಆದರೆ ಬೆಳೆದ ಊರಿನ ಮನೆಯಲ್ಲಿ ಆ ತರಕಾರಿಗೆ ಸಿಗುವ ಜಾಗ ಸಾರಿನ ಹೋಳು, ಪಲ್ಯದ ಒಂದು ಹಿಡಿ, ಅಷ್ಟೇ. ಒಂದೇ ತರಕಾರಿ ಮನೆ ತುಂಬ ಬಿದ್ದಿರುವಾಗ ಅದನ್ನು ಊಟದ ಮುಖ್ಯ ಪದಾರ್ಥವನ್ನಾಗಿ ಮಾಡುವ ದಾರಿಗಳು ನಮ್ಮಲ್ಲಿ ಕಡಿಮೆ. ಜಪಾನಿನ ಅಡುಗೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ಕಾರಣಕ್ಕೆ.

ಜಪಾನೀ ಊಟ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಹಸಿ ಮೀನು ಸುತ್ತಿದ ಅನ್ನದ ಉಂಡೆ, ಬೆಂಗಳೂರಿನ ದುಬಾರಿ ಹೋಟೆಲು. ಅಲ್ಲಿನ ಮನೆಯೂಟ ಬೇರೆಯದೇ ಲೋಕ: ಅನ್ನ, ಒಂದು ತಿಳಿಸಾರು, ಒಂದೆರಡು ತರಕಾರಿ, ಉಪ್ಪಿನಕಾಯಿ. 2013ರ ಡಿಸೆಂಬರಿನಲ್ಲಿ ಯುನೆಸ್ಕೊ ಈ ಊಟದ ಪದ್ಧತಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪದ್ಧತಿಯ ಜೀವಾಳ ಋತು. ಹಳೆಯ ಜಪಾನೀ ಪಂಚಾಂಗ ವರ್ಷವನ್ನು 24 ಭಾಗ ಮಾಡಿ, ಒಂದೊಂದನ್ನೂ ಮತ್ತೆ ಮೂರಾಗಿ ಸೀಳಿ, ಐದೈದು ದಿನಗಳ 72 ತುಣುಕು ಮಾಡುತ್ತದೆ. ಪ್ರತಿಯೊಂದು ಕಾಯಿಗೂ ಸೊಪ್ಪಿಗೂ ಮೂರು ಕಾಲ: ಹೊಸದಾಗಿ ಬರುವ ಕಾಲ, ತುಂಬಿ ಬರುವ ಕಾಲ, ಮುಗಿದು ಹೋಗುವ ಕಾಲ. ಒಂದೊಂದಕ್ಕೂ ಬೇರೆ ಅಡುಗೆ. ಎಳೆಯದನ್ನು ಹೆಚ್ಚು ಬೇಯಿಸುವುದಿಲ್ಲ, ತುಂಬಿ ಬಂದಾಗ ಧಾರಾಳವಾಗಿ ಬೇಯಿಸುತ್ತಾರೆ, ಬಲಿತದ್ದನ್ನು ಉಪ್ಪಿಗೆ ಹಾಕುತ್ತಾರೆ.

ಹೊಸ ಫಸಲಿನ ಹುಚ್ಚು ಅಲ್ಲಿಯೂ ಇದೆ. 17ನೇ ಶತಮಾನದಲ್ಲಿ, ಇಂದಿನ ಟೋಕಿಯೊ ಇನ್ನೂ ಎಡೊ ಆಗಿದ್ದಾಗ, ಕಾಲಕ್ಕೆ ಮುಂಚೆ ಬಂದ ತರಕಾರಿಗೆ ಶ್ರೀಮಂತರು ಸುರಿಯುತ್ತಿದ್ದ ದುಡ್ಡು ನೋಡಿ, ಇಂಥ ತರಕಾರಿಯನ್ನು ಇಂಥ ತಿಂಗಳಿಗೆ ಮುಂಚೆ ಮಾರಕೂಡದು ಎಂದು ಸರ್ಕಾರವೇ ಆಜ್ಞೆ ಹೊರಡಿಸಿತ್ತು. ಮನೆಯಡುಗೆ ನಿಂತಿರುವುದು ಮಾತ್ರ ಎರಡನೆಯ ಕಾಲದ ಮೇಲೆ, ರಾಶಿ ಬಿದ್ದು ಅಗ್ಗವಾದ ವಾರದ ಮೇಲೆ.

ಜಪಾನ್ ಈ ಜಿಲ್ಲೆಗೆ ಹೊಸ ಹೆಸರೇನಲ್ಲ. 1991ರಿಂದ ಜಪಾನಿನ ರೇಷ್ಮೆ ತಜ್ಞರು ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ನಮ್ಮ ವಿಜ್ಞಾನಿಗಳ ಜೊತೆ ಕೂತು ದ್ವಿತಳಿ ರೇಷ್ಮೆಯ ಮೇಲೆ ಕೆಲಸ ಮಾಡಿದರು. ಆಗ ಚಾಮರಾಜನಗರ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. 1997ರಲ್ಲಿ ತಾನೇ ಜಿಲ್ಲೆಯಾಯಿತು. ಹಿಪ್ಪುನೇರಳೆಯ ಎಳೆ ಚಿಗುರನ್ನು ತೆಳು ಹಿಟ್ಟಿನಲ್ಲಿ ಅದ್ದಿ ಕರಿದು ತಿನ್ನುವುದು ಜಪಾನಿನ ರೇಷ್ಮೆ ಸೀಮೆಯ ರೂಢಿ. ನಮ್ಮ ಹುಳುಮನೆಗಳ ಸುತ್ತ ಅದೇ ಸೊಪ್ಪು ಎಕರೆಗಟ್ಟಲೆ ನಿಂತಿದ್ದರೂ ಬಾಣಲೆಯವರೆಗೆ ಬಂದಿಲ್ಲ.

ಇನ್ನೊಂದು ನಂಟು ಮಣ್ಣಿನದು. ಶಿಕೊಕು ದ್ವೀಪದ ಮಸನೊಬು ಫುಕುವೋಕಾ, ಉಳದೆ, ಗೊಬ್ಬರ ಹಾಕದೆ, ಕಳೆ ಕೀಳದೆ, ಔಷಧ ಹೊಡೆಯದೆ ಬೆಳೆದ ಸಹಜ ಕೃಷಿಕ. 1975ರಲ್ಲಿ ಬಂದ ಅವರ ‘ಒಂದು ಹುಲ್ಲಿನ ಕ್ರಾಂತಿ’ ಕನ್ನಡದ ರೈತರನ್ನೂ ಹಿಡಿದಿಟ್ಟ ಪುಸ್ತಕ. 1988ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕೊಳ್ಳೇಗಾಲದ ಬಳಿಯ ದೊಡ್ಡಿಂದುವಾಡಿಯಲ್ಲಿ ಎಂ.ಕೆ. ಕೈಲಾಸಮೂರ್ತಿ ಅವರ ತೋಟ ಆ ವಿಧಾನವನ್ನು ನಮ್ಮ ನೆಲದಲ್ಲಿ ಮಾಡಿ ತೋರಿಸಿತು. ಉಳದ ಹೊಲದ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಚರ್ಚೆಯಾಗಿದೆ. ಅದೇ ಪುಸ್ತಕದ ಒಂದು ಭಾಗ ಪೂರ್ತಿ ಊಟದ ಬಗ್ಗೆ ಇದೆ ಎಂಬುದನ್ನು ಮಾತ್ರ ನಾವು ಹೆಚ್ಚು ಗಮನಿಸಲಿಲ್ಲ. ಯಾವ ಋತುವಿನಲ್ಲಿ ಏನು ತಿನ್ನಬೇಕೆಂದು ಫುಕುವೋಕಾ ಚಕ್ರಗಳನ್ನೇ ಬರೆದಿಟ್ಟಿದ್ದಾರೆ. ಕಾಲಕ್ಕೆ ಮುಂಚೆ ಕಿತ್ತಳೆ ಬೇಕೆಂದು ಪಟ್ಟಣದವರು ಹಟ ಹಿಡಿದದ್ದರಿಂದಲೇ ಹಣ್ಣಿಗೆ ಬಣ್ಣ, ಮೇಣ, ರಾಸಾಯನಿಕ ಬಂದವೆಂದು ಅವರು ನೊಂದು ಬರೆಯುತ್ತಾರೆ. ತಿನ್ನುವವರ ನಾಲಗೆ ಋತು ತಪ್ಪಿದರೆ ಬೆಳೆಯುವವರ ಹೊಲವೂ ದಾರಿ ತಪ್ಪುತ್ತದೆ ಎಂಬ ಆ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಮೂರು ಸಾಮಾನು, ಒಂದು ಸಂಯಮ

ಹೊರಗಿನಿಂದ ತರಬೇಕಾದದ್ದು ಮೂರೇ. ಸಹಜವಾಗಿ ಹುದುಗು ಬರಿಸಿದ ಸೋಯಾ ಸಾಸ್ ಒಂದು ಬಾಟಲಿ. ನಮ್ಮ ಅಂಗಡಿಗಳಲ್ಲಿ ಗೋಬಿ ಮಂಚೂರಿಗೆಂದು ಮಾರುವ ಕಪ್ಪು ಸಾಸ್ ಇದಕ್ಕೆ ಆಗಿಬರದು. ಅದರಲ್ಲಿ ಬಣ್ಣವೇ ಹೆಚ್ಚು. ಎರಡನೆಯದು ಮಿಸೊ, ಸೋಯಾಕಾಳು ಮತ್ತು ಅಕ್ಕಿಯನ್ನು ತಿಂಗಳುಗಟ್ಟಲೆ ಹುಳಿಯಿಸಿದ ಹಿಟ್ಟಿನಂಥ ಮುದ್ದೆ. ಫ್ರಿಜ್‌ನಲ್ಲಿ ಎಷ್ಟೋ ತಿಂಗಳು ಇರುತ್ತದೆ. ಮೂರನೆಯದು ಕೊಂಬು, ಒಣಗಿಸಿದ ಕಡಲಕಳೆಯ ಅಗಲ ಪಟ್ಟಿ. ಮೂರೂ ಬೆಂಗಳೂರಿನಲ್ಲಿ ಸುಲಭವಾಗಿ ಸಿಗುತ್ತವೆ, ಆನ್‌ಲೈನ್‌ನಲ್ಲಿ ಮನೆ ಬಾಗಿಲಿಗೇ ಬರುತ್ತವೆ. ಸಸ್ಯಾಹಾರಿಗಳು ಮಿಸೊ ಪೊಟ್ಟಣದ ಮೇಲಿನ ಪಟ್ಟಿ ಓದಿಯೇ ಕೊಳ್ಳಬೇಕು. ಕೆಲವಕ್ಕೆ ಮೀನಿನ ಸಾರ ಸೇರಿಸಿರುತ್ತಾರೆ.

ಒಂದು ಲೀಟರು ನೀರಿಗೆ 10 ಗ್ರಾಂ ಕೊಂಬು ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸಣ್ಣ ಉರಿಯಲ್ಲಿಟ್ಟು, ಕುದಿ ಬರುವ ಮುಂಚೆ ಪಟ್ಟಿಯನ್ನು ತೆಗೆದರೆ ಅದೇ ದಾಶಿ, ಎಲ್ಲ ಅಡುಗೆಯ ತಾಯಿನೀರು. ಜೊತೆಗೆ ಎರಡು ಒಣ ಅಣಬೆ ನೆನೆಹಾಕಿದರೆ ಇನ್ನೂ ಗಟ್ಟಿ ರುಚಿ. 1908ರಲ್ಲಿ ರಸಾಯನ ವಿಜ್ಞಾನಿ ಕಿಕುನೆ ಇಕೆಡಾ ಈ ಕಡಲಕಳೆಯ ಸಾರಿನಿಂದಲೇ ಗ್ಲುಟಮೇಟನ್ನು ಬೇರ್ಪಡಿಸಿ, ಸಿಹಿ ಹುಳಿ ಉಪ್ಪು ಕಹಿಗಳಾಚೆ ಐದನೆಯ ರುಚಿಯೊಂದಿದೆ ಎಂದರು. ಹಣ್ಣಾದ ಟೊಮೆಟೊದಲ್ಲೂ ಇರುವುದು ಅದೇ. ಚಾಮರಾಜನಗರದ ನಾಲಗೆಗೆ ಇದು ಹೊಸದಾಗಿ ಕಲಿಯಬೇಕಾದ ರುಚಿಯಲ್ಲ. ಕಾಳು, ಸೊಪ್ಪು ಬೇಯಿಸಿ ಬಸಿದ ನೀರಿಗೆ ಉಪ್ಪು ಹಾಕಿ, ಖಾರವನ್ನು ಪಕ್ಕಕ್ಕಿಟ್ಟು ಮುದ್ದೆ ನುಂಗುವ ಉಪ್ಸಾರಿನ ಸೀಮೆ ಇದು. ಬಸಿದ ನೀರಿನ ಬೆಲೆ ಇಲ್ಲಿನವರಿಗೆ ಹೇಳಿಕೊಡಬೇಕಿಲ್ಲ. ಹನೂರು ಕಡೆಯ ಒಡೆಯರಪಾಳ್ಯದ ಟಿಬೆಟನ್ನರ ಶಿಬಿರಕ್ಕೆ ಹೋಗಿ ನೂಡಲ್ಸಿನ ಬಿಸಿ ಸಾರು ಕುಡಿದವರಿಗಂತೂ ಇದರ ದಾಯಾದಿ ರುಚಿ ಆಗಲೇ ಗೊತ್ತು.

ಮೀನು ತಿನ್ನದವರು ಹಿಂಜರಿಯಬೇಕಿಲ್ಲ. ಜಪಾನಿನ ಬೌದ್ಧ ಮಠಗಳಲ್ಲಿ ಮೀನು, ಮಾಂಸವಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಅಡುಗೆಯ ದೊಡ್ಡ ಪರಂಪರೆಯಿದೆ. ಝೆನ್ ಗುರು ದೋಗೆನ್ 1237ರಲ್ಲಿ ಮಠದ ಅಡುಗೆಯವನ ಹೊಣೆಯ ಬಗ್ಗೆಯೇ ಒಂದು ಗ್ರಂಥ ಬರೆದ. ಮಲೆಯೂರಿನ ಕನಕಗಿರಿಯ ಜೈನ ಬಸದಿಗಳ ನೆರಳಲ್ಲಿ ಬೆಳೆದವರಿಗೆ ಇಂಥ ಅಡುಗೆಮನೆಯ ಕಟ್ಟುಪಾಡು ಅಪರಿಚಿತವಲ್ಲ.

ಇನ್ನು ಸಂಯಮದ ಮಾತು. ಒಗ್ಗರಣೆ ಬೇಡ. ಸಾಸಿವೆ, ಕರಿಬೇವು, ಇಂಗು ಇಲ್ಲದೆ ಕೈ ಕಟ್ಟಿದ ಹಾಗಾಗುತ್ತದೆ ನಿಜ, ಆದರೆ ಒಗ್ಗರಣೆ ಬಿದ್ದ ಕ್ಷಣವೇ ತರಕಾರಿಯ ಸ್ವಂತ ಪರಿಮಳ ಹಿಂದೆ ಸರಿಯುತ್ತದೆ. ಬೆಳಿಗ್ಗೆ ಕಿತ್ತು ಮಧ್ಯಾಹ್ನ ಪಾತ್ರೆಗೆ ಬೀಳುವ ತರಕಾರಿ ಇರುವ ಊರಿಗೆ ಈ ಅಡುಗೆ ಒಗ್ಗುವುದು ಅದಕ್ಕೇ. ವಾರ ಹಳೆಯ ಬೀನ್ಸಿಗೆ ಮಸಾಲೆ ಬೇಕು. ತೆರಕಣಾಂಬಿಯ ಇಂದಿನ ಬೀನ್ಸಿಗೆ ಉಪ್ಪು ನೀರಿನಲ್ಲಿ ಮೂರು ನಿಮಿಷ ಸಾಕು. ಅದಕ್ಕೆ ಜಪಾನೀಯರು ಹುರಿದು ಕುಟ್ಟಿದ ಎಳ್ಳು, ಒಂದು ಚಮಚ ಸೋಯಾ, ಚೂರು ಸಿಹಿ ಬೆರೆಸುತ್ತಾರೆ. ನಾನು ಎಳ್ಳಿನ ಬದಲು ಹುಚ್ಚೆಳ್ಳು ಹುರಿದು ಹಾಕುತ್ತೇನೆ, ಸಿಹಿಗೆ ಬೆಲ್ಲ. ಈ ಬದಲಾವಣೆಯಿಂದ ಪದಾರ್ಥದ ಘನತೆ ಹೆಚ್ಚಿದೆ ಎಂದೇ ನನ್ನ ನಂಬಿಕೆ.

ಮೂಲಂಗಿಯ ತಿಂಗಳು

ಕಾರ್ತಿಕ ಕಳೆದು ಚಳಿ ಕೂರುತ್ತಿದ್ದಂತೆ ಮೂಲಂಗಿಯ ಖಾರ ಇಳಿದು ಸಿಹಿ ಏರುತ್ತದೆ. ನಮ್ಮ ಮನೆಗಳಲ್ಲಿ ಅದು ಹುಳಿಗೆ ಬೀಳುವ ತರಕಾರಿ. ಮನೆಯೆಲ್ಲ ವಾಸನೆ ಎಂದು ಮೂಗು ಮುರಿಯುವವರೇ ಹೆಚ್ಚು. ಜಪಾನಿನಲ್ಲಿ ಚಳಿಗಾಲದ ರಾಜ ಅದೇ. ಅಲ್ಲಿನ ಫುರೊಫುಕಿ ಎಂಬ ಅಡುಗೆಯಲ್ಲಿ ಮೂಲಂಗಿಯ ಒಂದು ದಪ್ಪ ಬಿಲ್ಲೆ, ಮೇಲೊಂದಿಷ್ಟು ಮಿಸೊ, ಅಷ್ಟೇ ಬಟ್ಟಲಲ್ಲಿ ಇರುತ್ತದೆ. ಅಷ್ಟು ಸಾದಾ ಪದಾರ್ಥವನ್ನು ಅತಿಥಿಯ ಮುಂದಿಡಬೇಕಾದರೆ ಮೂಲಂಗಿಯ ಮೇಲೆ ಎಷ್ಟು ನಂಬಿಕೆಯಿರಬೇಕು!

ಮಾಡುವ ಕ್ರಮ ಹೀಗೆ. ಗಟ್ಟಿಯಾದ, ಬೆಂಡಾಗದ ಮೂಲಂಗಿ ಆರಿಸಿ. ಕೈಯಲ್ಲಿ ಹಿಡಿದರೆ ಭಾರ ಅನ್ನಿಸಬೇಕು, ಎಲೆಯ ಬುಡ ಹಸಿರಾಗಿರಬೇಕು. ಎರಡು ಬೆರಳಗಲದ ಬಿಲ್ಲೆಗಳಾಗಿ ಕತ್ತರಿಸಿ ಸಿಪ್ಪೆಯನ್ನು ದಪ್ಪಗೇ ಹೆರೆಯಿರಿ. ಸಿಪ್ಪೆಯೊಳಗಿನ ನಾರು ಉಳಿದರೆ ಎಷ್ಟು ಬೆಂದರೂ ಹಲ್ಲಿಗೆ ಸಿಗುತ್ತದೆ. ಬಿಲ್ಲೆಯ ಅಂಚುಗಳನ್ನು ಚಾಕುವಿನಿಂದ ಸವರಿ ದುಂಡಗೆ ಮಾಡಿದರೆ ಬೇಯುವಾಗ ಒಡೆಯುವುದಿಲ್ಲ. ತಳದಲ್ಲಿ ಅಡ್ಡಕ್ಕೂ ಉದ್ದಕ್ಕೂ ಒಂದೊಂದು ಗೀರು ಹಾಕಿ. ಈಗ ಅಕ್ಕಿ ತೊಳೆದ ಎರಡನೆಯ ನೀರಿನಲ್ಲಿ, ಬೆಳ್ಳಗೆ ಮಂದವಾಗಿರುವ ಆ ನೀರಿನಲ್ಲೇ, ಹದಿನೈದು ನಿಮಿಷ ಬೇಯಿಸಿ. ನಾವು ಹಸುವಿನ ಕಲಗಚ್ಚಿಗೆ ಸುರಿಯುವ ನೀರು ಇದು. ಮೂಲಂಗಿಯ ಕಟುವಾಸನೆಯನ್ನೂ ಕಹಿಯನ್ನೂ ಎಳೆದುಕೊಂಡು ಬಿಲ್ಲೆಯನ್ನು ಬೆಳ್ಳಗೆ ಉಳಿಸುತ್ತದೆ. ಬೆಂದ ಬಿಲ್ಲೆಗಳನ್ನು ತೊಳೆದು ಕೊಂಬಿನ ದಾಶಿಗೆ ಹಾಕಿ, ಚಿಟಿಕೆ ಉಪ್ಪಿನೊಡನೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಿಡಿ. ಕುದಿ ಜೋರಾಗಕೂಡದು, ನೀರಿನ ಮೈ ನಡುಗಿದರೆ ಸಾಕು. ತೆಂಗಿನ ಗರಿಯ ಕಡ್ಡಿ ಚುಚ್ಚಿದರೆ ತಡೆಯಿಲ್ಲದೆ ಇಳಿಯಬೇಕು.

ಮೂರು ದೊಡ್ಡ ಚಮಚ ಮಿಸೊ, ಎರಡು ಸಣ್ಣ ಚಮಚ ಬೆಲ್ಲದ ಪುಡಿ, ಮೂರು ದೊಡ್ಡ ಚಮಚ ದಾಶಿ ಇವನ್ನು ಬೇರೆ ಪಾತ್ರೆಯಲ್ಲಿ ಕೈಬಿಡದೆ ತಿರುವಿ, ಹೊಳಪು ಬಂದಾಗ ಇಳಿಸಿ. ಜಪಾನೀಯರು ಮೇಲೆ ಯೂಜು ಎಂಬ ಹುಳಿಹಣ್ಣಿನ ಸಿಪ್ಪೆ ತುರಿಯುತ್ತಾರೆ. ನಮಗೆ ಹೇರಳೆಕಾಯಿ ಇದೆ. ಅದರ ಹಸಿರು ಸಿಪ್ಪೆಯನ್ನು, ಒಳಗಿನ ಬಿಳಿ ತಾಗದಂತೆ, ಎರಡು ಎಳೆ ತುರಿದು ಹಾಕಿ. ಬಿಸಿ ಮಿಸೊ ತಾಗಿ ಏಳುವ ಆ ಘಮ ಚಿತ್ರಾನ್ನದಲ್ಲಿ ಹೇರಳೆ ಕೊಡುವ ಘಮಕ್ಕಿಂತ ಬೇರೆಯೇ.

ಹೆರೆದ ಸಿಪ್ಪೆಯನ್ನು ಎಸೆಯುವ ಮಾತಿಲ್ಲ. ಸಣ್ಣಗೆ ಸೀಳಿ, ಎಳ್ಳೆಣ್ಣೆಯಲ್ಲಿ ಬಾಡಿಸಿ, ಸೋಯಾ, ಬೆಲ್ಲ, ಒಂದು ಒಣಮೆಣಸಿನಕಾಯಿ ಹಾಕಿದರೆ ಅದೇ ಒಂದು ಪಲ್ಯ. ಸೊಪ್ಪನ್ನು ಉಪ್ಪು ಹಾಕಿ ಹಿಂಡಿ, ಸಣ್ಣಗೆ ಹೆಚ್ಚಿ, ಹುರಿದು, ಬಿಸಿ ಅನ್ನದ ಮೇಲೆ ಉದುರಿಸಬಹುದು. ಉಳಿದ ತುಂಡನ್ನು ಹಸಿಯಾಗಿ ತುರಿದು, ನಿಂಬೆರಸ ಹಿಂಡಿ, ಕರಿದ ತಿಂಡಿಯ ಜೊತೆ ಕೊಡುತ್ತಾರೆ. ಸಂಜೆಯ ಬಜ್ಜಿಗೆ ಅದಕ್ಕಿಂತ ಒಳ್ಳೆಯ ಜೊತೆಗಾರ ನನಗೆ ಗೊತ್ತಿಲ್ಲ. ಒಂದೇ ಗೆಡ್ಡೆಯಿಂದ ಒಂದು ಹೊತ್ತಿನ ಪೂರ್ತಿ ಊಟ ಎದ್ದುಬರುತ್ತದೆ.

ಹೊಸ ಅಕ್ಕಿ, ಸೊಗಡಿನ ಅವರೆ

ಕಬಿನಿ ಮತ್ತು ಸುವರ್ಣಾವತಿಯ ನೀರು ಕಂಡ ಗದ್ದೆಗಳಲ್ಲಿ ಭತ್ತ ಕೊಯ್ದು ಬಡಿದು ಮನೆಗೆ ಬಂದ ಹೊಸತರಲ್ಲಿ ಆ ಅಕ್ಕಿಯನ್ನು ಯಾರೂ ಒಲೆಯ ಹತ್ತಿರ ಬಿಡುವುದಿಲ್ಲ. ಹೊಸ ಅಕ್ಕಿ ಮುದ್ದೆಯಾಗುತ್ತದೆ, ಹೊಟ್ಟೆ ಹಿಡಿಯುತ್ತದೆ, ಹಳೆಯದಾಗಲಿ ಎಂದು ಮೂಟೆ ಕಟ್ಟಿಡುತ್ತಾರೆ. ಸಂಕ್ರಾಂತಿಯ ಹುಗ್ಗಿಗೆ ಮಾತ್ರ ರಿಯಾಯಿತಿ. ಜಪಾನಿನಲ್ಲಿ ಇದಕ್ಕೆ ತಲೆಕೆಳಗು. ಶಿನ್ಮೈ ಎನ್ನುವ ಹೊಸ ಅಕ್ಕಿಗಾಗಿ ಜನ ಶರತ್ಕಾಲವಿಡೀ ಕಾಯುತ್ತಾರೆ. ಬೆಳೆದ ವರ್ಷದ ಡಿಸೆಂಬರ್ 31ರೊಳಗೆ ಚೀಲಕ್ಕೆ ತುಂಬಿದ್ದರಷ್ಟೇ ಆ ಹೆಸರು ಹಾಕಿ ಮಾರಬಹುದು ಎಂಬ ನಿಯಮವಿದೆ. ಹೊಸ ಅಕ್ಕಿಯಲ್ಲಿರುವ ತೇವ, ಮೆರುಗು, ಅಂಟು ಅವರಿಗೆ ಅನ್ನದ ಹಬ್ಬ.

ಜಪಾನೀ ಅಕ್ಕಿಯ ಕಾಳು ಗಿಡ್ಡ, ಅಂಟು ಜಾಸ್ತಿ. ಅದನ್ನು ದುಬಾರಿ ಕೊಟ್ಟು ತರಿಸುವ ಬದಲು ನಮ್ಮ ಗುಂಡುಕಾಳಿನ ಹೊಸ ಅಕ್ಕಿಯನ್ನೇ ತೆಗೆದುಕೊಳ್ಳಿ. ಎರಡು ಲೋಟ ಅಕ್ಕಿಯನ್ನು ಮೃದುವಾಗಿ ತೊಳೆದು ಅರ್ಧ ಗಂಟೆ ನೆನೆಸಿ ಬಸಿಯಿರಿ. ಮಾರ್ಗಶಿರ, ಪುಷ್ಯದ ಇಬ್ಬನಿ ಕುಡಿದ, ಕೈಗೆ ಅಂಟುವಷ್ಟು ಸೊಗಡಿರುವ ಅವರೆಕಾಯಿಯನ್ನು ಸುಲಿದು ಒಂದು ಲೋಟ ಕಾಳನ್ನು ಉಪ್ಪು ನೀರಿನಲ್ಲಿ ಮುಕ್ಕಾಲು ಬೇಯಿಸಿ. ಕಾಳು ತೆಗೆದಿಟ್ಟು ಆ ಹಸಿರು ನೀರನ್ನು ಆರಿಸಿ, ಎರಡೂಕಾಲು ಲೋಟ ಅಳೆದು ಅಕ್ಕಿಗೆ ಸುರಿಯಿರಿ. ಮೇಲೊಂದು ತುಂಡು ಕೊಂಬು. ಗಟ್ಟಿ ಮುಚ್ಚಳದ ಪಾತ್ರೆಯಲ್ಲಿ ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷ. ಒಲೆ ಆರಿಸಿ ಕಾಳನ್ನು ಮೇಲೆ ಹರಡಿ, ಮತ್ತೆ ಮುಚ್ಚಿ ಹತ್ತು ನಿಮಿಷ. ನಡುವೆ ಇಣುಕಬೇಡಿ. ಜಪಾನಿನಲ್ಲಿ ವಸಂತದ ಬಟಾಣಿಯಿಂದ ಮಾಡುವ ಮಾಮೆ ಗೊಹಾನ್ ಇದೇ. ತುಪ್ಪ, ಮೆಣಸಿನಕಾಯಿ ಏನೂ ಇಲ್ಲದೆ ಅವರೆಯ ಸೊಗಡು ಅನ್ನದ ಪ್ರತಿ ಅಗುಳಿಗೂ ಹತ್ತಿರುತ್ತದೆ.

ಅವರೆ ನಮ್ಮದೊಂದೇ ಸೊತ್ತು ಎಂದುಕೊಂಡಿದ್ದೆವು. ಜಪಾನಿನ ಪಶ್ಚಿಮ ಕರಾವಳಿಯ ಕನಜಾವ ಪಟ್ಟಣ ತನ್ನ ಪಾರಂಪರಿಕ ತರಕಾರಿಗಳೆಂದು ಗುರುತಿಸಿ ಕಾಪಾಡಿಕೊಂಡಿರುವ 15ರಲ್ಲಿ ಒಂದು ಅವರೆಯ ಬಳಗದ್ದೇ. ಅಲ್ಲಿ ನಮ್ಮ ಚಪ್ಪರದವರೆಯ ಹಾಗೆ ಎಳೆಗಾಯಿಯನ್ನು ಸಿಪ್ಪೆಸಹಿತ ತಿನ್ನುತ್ತಾರೆ.

ಜನವರಿ 7ರಂದು ಜಪಾನಿನ ಮನೆಗಳಲ್ಲಿ ಏಳು ಸೊಪ್ಪಿನ ಗಂಜಿ. ಅದರಲ್ಲಿ ಮೂಲಂಗಿ ಸೊಪ್ಪೂ ಒಂದು, ಮಿಕ್ಕವುಗಳಲ್ಲಿ ಹೆಚ್ಚಿನವು ಹೊಲದ ಬದುವಿನ ಕಳೆಗಿಡಗಳು. ಹೊಸವರ್ಷದ ಹಬ್ಬದೂಟದ ಭಾರವನ್ನು ಇಳಿಸಲು ಅದು ಬೇಕು. ನಮ್ಮಲ್ಲಿ ಆ ಸೊಪ್ಪಿನ ಕಾಲ ಮುಂಗಾರು. ಮೊದಲ ಮಳೆಗೆ ಹೊಲದಲ್ಲಿ ತಾನೇ ಹುಟ್ಟುವ ಅಣ್ಣೆ, ಹೊನಗನ್ನೆ, ಗಣಿಕೆ, ಗೋಣಿ ಸೊಪ್ಪುಗಳನ್ನು ಮಡಿಲಲ್ಲಿ ತುಂಬಿ ತರುವ ಹೆಂಗಸರಿಗೆ ಬೆರಕೆ ಸೊಪ್ಪಿನ ಪಾಠ ಯಾವ ಪುಸ್ತಕವೂ ಹೇಳಬೇಕಿಲ್ಲ. ಕಳೆನಾಶಕ ಹೊಡೆದ ಹೊಲದಲ್ಲಿ ಈ ಸೊಪ್ಪೇ ಇಲ್ಲ ಎಂಬುದು ಮಾತ್ರ ನನ್ನ ನೋವು.

ಕಾಡಂಚಿನ ಪದಾರ್ಥಗಳು

ಬಿದಿರಿನ ಕಳಲೆ ಜಪಾನಿನಲ್ಲಿ ವಸಂತದ ಮೊದಲ ಸುದ್ದಿ. ನಮ್ಮಲ್ಲಿ ಆಷಾಢ, ಶ್ರಾವಣದ್ದು. ಅವರು ಅಕ್ಕಿ ತೌಡು, ಒಣಮೆಣಸಿನಕಾಯಿ ಹಾಕಿ ಗಂಟೆಗಟ್ಟಲೆ ಕುದಿಸಿ ಅದೇ ನೀರಿನಲ್ಲಿ ಆರಲು ಬಿಡುತ್ತಾರೆ. ಅದು ಅವರ ಬಿದಿರಿಗೆ ಸಾಕು. ನಮ್ಮ ಬಿದಿರಿಗೆ ಹಿರಿಯರು ಹೇಳಿದ ಕ್ರಮವನ್ನು ಬಿಡಬೇಡಿ: ಹೆಚ್ಚಿ ಮೂರು ದಿನ ನೆನೆಸಿ, ದಿನವೂ ನೀರು ಬದಲಿಸಿ, ಆಮೇಲೆ ಕುದಿಸಿ ಆ ನೀರನ್ನೂ ಚೆಲ್ಲಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ. ಆ ನಂತರ ಸೋಯಾ, ದಾಶಿ ಹಾಕಿ ಅನ್ನದೊಡನೆ ಬೇಯಿಸಿದರೆ ಮಳೆಗಾಲದ ರಾತ್ರಿಗೆ ಬೇರೇನೂ ಬೇಡ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗೆ ಕಳಲೆ ಮುರಿಯುವ ಆಸೆ ಬೇಡ. ಹೊಲದ ಬೇಲಿಯ ಬಿದಿರು ಸಾಕಷ್ಟು ಕೊಡುತ್ತದೆ.

ಸೋಲಿಗರ ನೂರೆ ಗೆಣಸಿನ ನೆಂಟ ಜಪಾನಿನ ಬೆಟ್ಟಗೆಣಸು. ಅವರು ಅದನ್ನು ಹಸಿಯಾಗಿಯೇ ತುರಿದು, ಲೋಳೆಯಾದದ್ದನ್ನು ಅನ್ನದ ಮೇಲೆ ಸುರಿದು ತಿನ್ನುತ್ತಾರೆ. ಇಲ್ಲಿ ಅದನ್ನು ಅನುಕರಿಸಬಾರದು. ನಮ್ಮ ಕಾಡುಗೆಣಸುಗಳಲ್ಲಿ ವಿಷದವೂ ಇವೆ, ಯಾವುದನ್ನು ಹೇಗೆ ತಿನ್ನಬೇಕೆಂಬುದು ಸೋಲಿಗರ ತಲೆಮಾರುಗಳ ಅರಿವು. ಗೆಣಸು ಅಗೆದ ಮೇಲೆ ಬಳ್ಳಿಯ ತಲೆಯನ್ನು ಮತ್ತೆ ಮಣ್ಣಿಗೇ ಬಿಟ್ಟು ಬರುವ ಅವರ ರೂಢಿಯನ್ನು ಮಾತ್ರ ಎಲ್ಲರೂ ಕಲಿಯಬಹುದು.

ಭಾದ್ರಪದದ ಹುಣ್ಣಿಮೆಯ ಹೊತ್ತಿಗೆ ಜಪಾನೀಯರು ಚಂದ್ರನಿಗೆ ಹೊಸ ಕೆಸವಿನ ಗೆಡ್ಡೆ ಇಡುತ್ತಾರೆ. ಅಲ್ಲೂ ಅದು ಕೈ ತುರಿಸುತ್ತದೆ, ಅಲ್ಲೂ ಅಕ್ಕಿ ತೊಳೆದ ನೀರೇ ಮದ್ದು. ನಮ್ಮ ಹುಣಸೆಹುಳಿಯ ಬದಲು ಸೋಯಾ, ಬೆಲ್ಲದಲ್ಲಿ ನೀರು ಇಂಗುವವರೆಗೆ ಬೇಯಿಸಿದ ಗೆಡ್ಡೆ ಮಕ್ಕಳಿಗೆ ಬಲು ಇಷ್ಟವಾಗುತ್ತದೆ. ಸಿಹಿಗೆಣಸಿನದೂ ಒಂದು ಕತೆಯಿದೆ: 1605ರಲ್ಲಿ ಚೀನಾದಿಂದ ರ್ಯೂಕ್ಯೂ ದ್ವೀಪಗಳಿಗೆ ಬಂದು, ಬರಗಾಲಗಳಲ್ಲಿ ಜನರ ಜೀವ ಉಳಿಸಿದ ಗೆಡ್ಡೆ ಅದು. ಕರಿದ ಹೋಳುಗಳನ್ನು ಬೆಲ್ಲದ ಪಾಕದಲ್ಲಿ ಹೊರಳಿಸಿ ಎಳ್ಳು ಉದುರಿಸಿದರೆ ಸಂಕ್ರಾಂತಿಯ ತಟ್ಟೆಗೆ ಹೊಸ ಸಿಹಿ.

ಬೇಸಿಗೆಗೆ ಹಾಗಲಕಾಯಿ. ಒಕಿನಾವಾದವರ ಗೋಯಾ ಚಂಪುರು ಅಂದರೆ ಉಪ್ಪು ಹಚ್ಚಿ ಹಿಂಡಿದ ಹಾಗಲ, ಸೋಯಾ ಪನೀರು, ಮೊಟ್ಟೆ ಮೂರನ್ನೂ ದೊಡ್ಡ ಉರಿಯಲ್ಲಿ ಐದು ನಿಮಿಷ ಹುರಿದದ್ದು. ಅರಿಸಿನ ಬೆಳೆದು ಅದರ ಚಹಾ ಕುಡಿಯುವ ದ್ವೀಪವೂ ಅದೇ. ಚಾಮರಾಜನಗರದ ಅರಿಸಿನದ ಹೊಲಗಳಿಗೆ ಇದನ್ನು ಹೇಳಲೇಬೇಕು. ಬದನೆಯನ್ನು ಸೀಳಿ, ಎಣ್ಣೆ ಸವರಿ, ಹಂಚಿನ ಮೇಲೆ ಮೆತ್ತಗಾಗಿಸಿ ಮೂಲಂಗಿಗೆ ಮಾಡಿದ ಅದೇ ಮಿಸೊ ಹಚ್ಚಿದರೆ ಇನ್ನೊಂದು ಅಡುಗೆ. ಶರತ್ಕಾಲದ ಬದನೆಯನ್ನು ಸೊಸೆಗೆ ತಿನ್ನಿಸಬೇಡ ಎಂಬ ಗಾದೆ ಜಪಾನಿನಲ್ಲಿದೆ. ಅತ್ತೆಯ ಜಿಪುಣತನವೋ ಸೊಸೆಯ ಆರೋಗ್ಯದ ಕಾಳಜಿಯೋ ಎಂಬ ವಾದ ಅಲ್ಲಿ ಇನ್ನೂ ಮುಗಿದಿಲ್ಲ.

ತೌಡಿನ ಮಡಕೆ

ಎಲೆಕೋಸಿಗೆ ಬೆಲೆ ಬಿದ್ದು ಹೊಲದಲ್ಲೇ ಬಿಟ್ಟುಬಿಡುವ ಸಮಯ ಬಂದಾಗ ಜಪಾನಿನ ಉಪ್ಪಿನ ವಿದ್ಯೆ ನೆನಪಾಗಬೇಕು. ಅದರಲ್ಲಿ ಸುಲಭದ್ದು: ಹೆಚ್ಚಿದ ಒಂದು ಕಿಲೊ ಕೋಸಿಗೆ 20 ಗ್ರಾಂ ಉಪ್ಪು, ಸಣ್ಣಗೆ ಕತ್ತರಿಸಿದ ಕೊಂಬು, ಶುಂಠಿ. ಕೈಯಲ್ಲಿ ಹಿಸುಕಿ ಮೇಲೊಂದು ಭಾರ ಹೇರಿದರೆ ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನದ ಊಟಕ್ಕೆ ತಯಾರು.

ನಿಜವಾದ ನಿಧಿ ತೌಡಿನ ಮಡಕೆ. ಯಳಂದೂರು, ಕೊಳ್ಳೇಗಾಲದ ಅಕ್ಕಿ ಗಿರಣಿಗಳಲ್ಲಿ ದನಕ್ಕೆಂದು ಮಾರುವ ತೌಡನ್ನೇ, ಅಂದೇ ಬಿದ್ದ ಶುದ್ಧ ತೌಡನ್ನು, ಕೇಳಿ ತನ್ನಿ. ಎರಡು ದಿನ ಕಳೆದರೆ ಜಿಡ್ಡುವಾಸನೆ ಬರುತ್ತದೆ. ಒಂದು ಕಿಲೊ ತೌಡನ್ನು ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿ ಆರಿಸಿ. 130 ಗ್ರಾಂ ಉಪ್ಪು ಕರಗಿಸಿದ ಒಂದು ಲೀಟರು ಕುದಿಸಿ ಆರಿಸಿದ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಕಲಸಿ; ಹಿಂಡಿದರೆ ಬೆರಳ ಸಂದಿನಲ್ಲಿ ನೀರು ಜಿನುಗಬೇಕು, ಹರಿಯಬಾರದು. ಒಂದು ತುಂಡು ಕೊಂಬು, ಎರಡು ಒಣಮೆಣಸಿನಕಾಯಿ ಹುದುಗಿಸಿ. ವಾರವಿಡೀ ಕೋಸಿನ ಹೊರ ಎಲೆ, ಮೂಲಂಗಿ ಸಿಪ್ಪೆ ಹೂತು ತೆಗೆಯುತ್ತ ಬನ್ನಿ. ದಿನಕ್ಕೊಮ್ಮೆ, ನಮ್ಮ ಸೆಕೆಯಲ್ಲಿ ಎರಡು ಸಲ, ತಳದವರೆಗೆ ಕೈಯಾಡಿಸಿ. ಹುಳಿಯ ಒಳ್ಳೆಯ ಪರಿಮಳ ಬಂದ ಮೇಲೆ ಸೌತೆ, ಮೂಲಂಗಿ, ಎಳೆ ಬದನೆ ಹೂತರೆ ಐದಾರು ಗಂಟೆಯಲ್ಲಿ ಉಪ್ಪಿನಕಾಯಿ. ಎರಡು ದಿನ ಮನೆ ಬಿಟ್ಟು ಹೋಗುವುದಾದರೆ ಮಡಕೆ ಫ್ರಿಜ್‌ಗೆ. ಜಪಾನಿನಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ದಾಟಿ ಬಂದ ಇಂಥ ತೌಡು ಇನ್ನೂ ಬದುಕಿದೆ.

ಪಾಲಿಷ್ ಮಾಡಿದ ಬಿಳಿ ಅಕ್ಕಿ ತಿಂದು ಎಡೊ ನಗರದ ಜನ ಬೆರಿಬೆರಿಯಿಂದ ನರಳಿದ್ದರು. ರೋಗ ತಡೆಯುವ ಅಂಶವನ್ನು ಉಮೆತಾರೊ ಸುಜುಕಿ 1910ರಲ್ಲಿ ಇದೇ ತೌಡಿನಿಂದ ತೆಗೆದರು. ಇಂದು ಅದು ಬಿ1 ಜೀವಸತ್ವ. ತೌಡಿನಲ್ಲಿ ಹೂತ ತರಕಾರಿ ಆ ಸತ್ವವನ್ನು ಹೀರಿಕೊಳ್ಳುತ್ತದೆ. ದನಕ್ಕೆ ಹೋಗುವ ಸತ್ವದಲ್ಲಿ ಒಂದು ಪಾಲು ಮನೆಯವರಿಗೂ ಸಿಗಲಿ.

ಹೆದ್ದಾರಿಯ ಬದಿಯಲ್ಲಿ

ಜಪಾನಿನಿಂದ ಅಡುಗೆಯ ಜೊತೆಗೆ ಇನ್ನೊಂದನ್ನು ತರಬೇಕು. ಅಲ್ಲಿ ಹೆದ್ದಾರಿಗಳ ಪಕ್ಕ ಮಿಚಿ ನೊ ಎಕಿ ಎಂಬ ತಂಗುದಾಣಗಳಿವೆ. 1993ರಲ್ಲಿ 103 ಕಡೆ ಶುರುವಾದವು, ಈಗ 1,200 ದಾಟಿವೆ. ಶೌಚಾಲಯ, ಊಟ, ವಿಶ್ರಾಂತಿಯ ಜೊತೆ ಸುತ್ತಲಿನ ರೈತರ ಕಟ್ಟೆಗಳಿರುತ್ತವೆ. ರೈತ ಬೆಳಿಗ್ಗೆ ತನ್ನ ತರಕಾರಿ ತಂದು, ಬೆಲೆಯನ್ನು ತಾನೇ ಬರೆದು, ತನ್ನ ಹೆಸರಿನ ಚೀಟಿ ಹಚ್ಚಿ ಇಟ್ಟು ಹೋಗುತ್ತಾನೆ. ಪಕ್ಕದ ಊಟದ ಮನೆಯಲ್ಲಿ ಅಂದಿನ ತರಕಾರಿಯದೇ ಅಡುಗೆ. 2005ರಲ್ಲಿ ಆಹಾರ ಶಿಕ್ಷಣಕ್ಕೆಂದೇ ಕಾನೂನು ಮಾಡಿದ ಆ ದೇಶದ ಶಾಲಾ ಊಟಗಳಿಗೂ ಸುತ್ತಲಿನ ತರಕಾರಿ ಹೋಗುತ್ತದೆ. ನಮ್ಮ ಅಕ್ಷರ ದಾಸೋಹದ ಸಾಂಬಾರಿಗೆ ಅದೇ ವಾರ, ಅದೇ ಊರಿನ ಹೊಲದ ತರಕಾರಿಯನ್ನು ರೈತರಿಂದ ನೇರವಾಗಿ ಕೊಳ್ಳಲು ಅಡ್ಡಿಯೇನಿದೆ?

ಗುಂಡ್ಲುಪೇಟೆಯಷ್ಟು ಇದಕ್ಕೆ ಹೊಂದುವ ಊರು ರಾಜ್ಯದಲ್ಲಿ ಕಡಿಮೆ. ಊಟಿಗೆ ಹೋಗುವ ದಾರಿ, ವಯನಾಡಿಗೆ ಹೋಗುವ ದಾರಿ ಎರಡೂ ಇಲ್ಲಿಂದಲೇ ಕವಲೊಡೆಯುತ್ತವೆ. ಸೂರ್ಯಕಾಂತಿ ಅರಳಿದಾಗ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ, ಫೋಟೊ ತೆಗೆದು ಮುಂದೆ ಹೋಗುತ್ತವೆ. ಅವರು ಇಳಿದ ಜಾಗದಲ್ಲೇ ಜೂನಿನಲ್ಲಿ ಬೆರಕೆ ಸೊಪ್ಪಿನ ಕಟ್ಟು, ಸೆಪ್ಟೆಂಬರಿನಲ್ಲಿ ಕೆಸವಿನ ಗೆಡ್ಡೆ, ಡಿಸೆಂಬರಿನಲ್ಲಿ ಮೂಲಂಗಿಯ ಜೊತೆ ಹೇರಳೆಕಾಯಿ, ಜನವರಿಯಲ್ಲಿ ಸುಲಿದ ಅವರೆಕಾಳಿನ ಜೊತೆ ಎರಡು ಕಿಲೊ ಹೊಸ ಅಕ್ಕಿ ಇಟ್ಟು, ಮಾಡುವ ಕ್ರಮದ ಒಂದು ಚೀಟಿಯನ್ನು ಕನ್ನಡ, ಮಲಯಾಳ, ತಮಿಳು ಮೂರರಲ್ಲೂ ಸೇರಿಸಿ ಕೊಡಬಹುದು. ಕಟ್ಟಡಕ್ಕೆ ಮುಂಚೆ ಬೇಕಿರುವುದು ಒಂದು ಚಪ್ಪರ, ಒಂದು ತಕ್ಕಡಿ, ಬೆಲೆಯನ್ನು ರೈತನೇ ಬರೆಯುವ ಒಂದು ಹಲಗೆ.